ಕತೆಗೆ ಚಿತ್ರ ಬರೆಯುವವರು ನಿಜವಾಗಿ ಮಾಡುವ ಕೆಲಸವೇನು? ಮೊದಲ ಸ್ವಂತ ಚಿತ್ರಕ್ಕೆ ಸಲಹೆ ಬೇಕಾಗಿದೆ

ಬಳಪ:
ಎಲ್ಲರಿಗೂ ನಮಸ್ಕಾರ. ಚಿಕ್ಕಂದಿನಿಂದಲೂ ಪತ್ರಿಕೆ ಮತ್ತು ಪುಸ್ತಕಗಳಲ್ಲಿನ ಚಿತ್ರಗಳನ್ನು ನೋಡಿ ನೋಡಿ ಬಿಡಿಸುತ್ತ ಬಂದಿದ್ದೇನೆ. ಕೈ ತಕ್ಕಮಟ್ಟಿಗೆ ಪಳಗಿದೆ. ಎದುರಿಗೊಂದು ಚಿತ್ರವಿದ್ದರೆ ಅದನ್ನು ಹೆಚ್ಚುಕಡಿಮೆ ಹಾಗೆಯೇ ಹಾಳೆಗೆ ಇಳಿಸಬಲ್ಲೆ. ಆದರೆ ನನ್ನದೇ ಆದ ಚಿತ್ರವೊಂದನ್ನು ಬರೆಯಲು ಕುಳಿತಾಗ ಎಲ್ಲಿಂದ ಆರಂಭಿಸಬೇಕೆಂದೇ ತೋಚುವುದಿಲ್ಲ. ಈಗ ಸ್ನೇಹಿತೆಯೊಬ್ಬಳು ಮಕ್ಕಳಿಗಾಗಿ ಬರೆದಿರುವ ಪುಟ್ಟ ಕತೆಗೆ ಒಂದು ಚಿತ್ರ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಕತೆ ಇಷ್ಟೇ: ಮೇಕೆ ಮೇಯಿಸಲು ಹೋದ ಹುಡುಗಿ ಸಂಜೆ ಹೊರಡುವ ಮುನ್ನ ಮಂದೆಯನ್ನು ಎಣಿಸುತ್ತಾಳೆ, ಒಂದು ಮರಿ ಕಡಿಮೆಯಿದೆ. ಪೊದೆ, ಬಂಡೆಗಳ ಸಂದಿ ಎಲ್ಲವನ್ನೂ ಹುಡುಕುತ್ತಾಳೆ. ಕೊನೆಗೆ ಮರಿ ನೀರಿಲ್ಲದ ಹಳೆಯ ಬಾವಿಯೊಂದರಲ್ಲಿ ಸಿಗುತ್ತದೆ, ಅದನ್ನು ಎತ್ತಿಕೊಂಡು ಮನೆಗೆ ಬರುತ್ತಾಳೆ. ಮರಿಯನ್ನು ಬಾವಿಯಿಂದ ಮೇಲೆತ್ತುವ ಗಳಿಗೆಯನ್ನೇ ಬರೆಯೋಣವೆಂದುಕೊಂಡಿದ್ದೇನೆ.

ಇಲಸ್ಟ್ರೇಟರ್ ಎಂದು ಕರೆಸಿಕೊಳ್ಳುವವರು ಇತರ ಚಿತ್ರ ಕಲಾವಿದರಿಂದ ಯಾವ ರೀತಿ ಬೇರೆಯಾಗುತ್ತಾರೆ, ಇಂಥ ಕತೆ ಕೈಗೆ ಬಂದಾಗ ಅವರು ಮೊದಲು ಏನು ಮಾಡುತ್ತಾರೆ, ಯಾರ ಚಿತ್ರವನ್ನೂ ನೋಡಿ ಬರೆಯದೆ ಸ್ವಂತದ್ದೊಂದನ್ನು ಕಟ್ಟುವುದು ಹೇಗೆ ಎಂಬುದನ್ನು ಈ ಕೆಲಸ ಬಲ್ಲವರು ವಿವರಿಸಿದರೆ ಉಪಕಾರವಾಗುತ್ತದೆ.

ಮಸಿಗೆರೆ:
ಬಳಪ ಅವರೇ, ಈ ಕೆಲಸದ ಬಹುಪಾಲು ಓದುವುದು ಮತ್ತು ಆರಿಸುವುದು. ಗೆರೆ ಎಳೆಯುವುದು ಆಮೇಲಿನ ಮಾತು. ಒಂದು ಬರಹ, ವಿಚಾರ ಅಥವಾ ಮಾಹಿತಿ ಓದುಗರ ಕಣ್ಣಿಗೆ ಯಾವ ರೂಪದಲ್ಲಿ ಕಾಣಬೇಕೆಂದು ತೀರ್ಮಾನಿಸಿ, ಆ ತೀರ್ಮಾನವನ್ನು ಚಿತ್ರಕ್ಕೆ ತರುವವರೇ ಇಲಸ್ಟ್ರೇಟರುಗಳು. ಕ್ಯಾನ್ವಾಸಿನ ಮೇಲೆ ಸ್ವತಂತ್ರವಾಗಿ ಕೆಲಸ ಮಾಡುವ ಕಲಾವಿದರು ತಮಗೆ ತೋಚಿದ್ದನ್ನು ತಮಗೆ ಬೇಕಾದ ಅಳತೆಯಲ್ಲಿ ಬರೆಯಬಹುದು. ನಮ್ಮ ಚಿತ್ರದ ಪಕ್ಕದಲ್ಲಿ ಯಾವಾಗಲೂ ಇನ್ನೊಬ್ಬರ ಮಾತು ಇರುತ್ತದೆ, ಪುಟದ ಅಳತೆ ಮೊದಲೇ ಗೊತ್ತಾಗಿರುತ್ತದೆ, ಅಚ್ಚಿಗೆ ಹೋಗುವ ದಿನವೂ ನಿಗದಿಯಾಗಿರುತ್ತದೆ. ಗ್ರಾಫಿಕ್ ಡಿಸೈನರುಗಳು ಅಕ್ಷರ, ಚಿತ್ರ ಮತ್ತು ಖಾಲಿ ಜಾಗವನ್ನು ಒಟ್ಟಿಗೆ ಹೊಂದಿಸಿ ಪುಟವನ್ನು ಕಟ್ಟುತ್ತಾರೆ. ಮಕ್ಕಳ ಪುಸ್ತಕ, ಮುಖಪುಟ, ಪತ್ರಿಕೆಯ ಲೇಖನ, ವೈದ್ಯಕೀಯ ಪಠ್ಯ, ಯಂತ್ರದ ಬಿಡಿಭಾಗಗಳ ಕೈಪಿಡಿ, ಸಿನಿಮಾದ ದೃಶ್ಯಗಳನ್ನು ಮೊದಲೇ ಬಿಡಿಸಿಡುವ ಸ್ಟೋರಿಬೋರ್ಡ್, ವಿಡಿಯೊ ಗೇಮಿನ ಪಾತ್ರ ಮತ್ತು ಪರಿಸರದ ಕಲ್ಪನೆ, ಹೀಗೆ ನಮ್ಮ ಕೆಲಸದ ಕ್ಷೇತ್ರಗಳು ಹಲವು. ಎಲ್ಲ ಕಡೆಯೂ ಮೊದಲು ಕೇಳಿಕೊಳ್ಳುವ ಪ್ರಶ್ನೆ ಮಾತ್ರ ಒಂದೇ: ಇಲ್ಲಿ ಮಾತಿನಿಂದ ಆಗದ ಯಾವ ಕೆಲಸವನ್ನು ಚಿತ್ರ ಮಾಡಬೇಕಾಗಿದೆ?

ಬರಹವೂ ಚಿತ್ರವೂ ಕೆಲಸವನ್ನು ಹಂಚಿಕೊಂಡದ್ದಕ್ಕೆ ನನಗೆ ತಿಳಿದ ಅತ್ಯುತ್ತಮ ಉದಾಹರಣೆ, ಇಂಗ್ಲಿಷ್ ಲೇಖಕ ಲೂಯಿಸ್ ಕ್ಯಾರಲ್ 1865ರಲ್ಲಿ ಪ್ರಕಟಿಸಿದ ಆಲಿಸ್‌ಳ ಕತೆಗೆ ಜಾನ್ ಟೆನಿಯಲ್ ಬರೆದ 42 ಚಿತ್ರಗಳು. ಹದ್ದಿನ ತಲೆ, ಸಿಂಹದ ಮೈಯಿರುವ ಗ್ರಿಫನ್ ಎಂಬ ಕಲ್ಪಿತ ಪ್ರಾಣಿ ಕತೆಯೊಳಗೆ ಬಂದಾಗ ಲೇಖಕರು ಅದನ್ನು ವರ್ಣಿಸುವ ಗೋಜಿಗೇ ಹೋಗುವುದಿಲ್ಲ. ಅದು ಏನೆಂದು ಗೊತ್ತಿಲ್ಲದವರು ಚಿತ್ರ ನೋಡಿಕೊಳ್ಳಲಿ ಎಂದು ಬರಹವೇ ಹೇಳಿ ಮುಂದೆ ಸಾಗುತ್ತದೆ. ಟೆನಿಯಲ್ ಬರೆದುಕೊಟ್ಟದ್ದನ್ನು ಡಾಲ್ಜಿಯಲ್ ಸಹೋದರರು ಮರದ ಅಚ್ಚಿನಲ್ಲಿ ಕೆತ್ತಿದರು. ಮೊದಲ ಮುದ್ರಣದಲ್ಲಿ ಚಿತ್ರಗಳು ಮೂಡಿಬಂದ ಬಗೆ ಟೆನಿಯಲ್ ಅವರಿಗೆ ಒಪ್ಪಿಗೆಯಾಗದೆ, ಆ ಪ್ರತಿಗಳನ್ನೇ ಹಿಂದಕ್ಕೆ ಪಡೆದು ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಲಾಯಿತು. ಚಿತ್ರ ಬರೆದವರ ಮಾತಿಗೆ ಲೇಖಕರು ಅಷ್ಟು ಬೆಲೆ ಕೊಟ್ಟದ್ದು ನನಗೆ ಇಂದಿಗೂ ಧೈರ್ಯ ಕೊಡುವ ಸಂಗತಿ.

ಇನ್ನು ನೀವು ಆರಿಸಿಕೊಂಡ ಗಳಿಗೆಯ ವಿಚಾರ. ಜರ್ಮನ್ ಚಿಂತಕ ಲೆಸ್ಸಿಂಗ್ 1766ರಲ್ಲಿ ಚಿತ್ರ, ಶಿಲ್ಪ ಮತ್ತು ಕಾವ್ಯಗಳನ್ನು ಹೋಲಿಸುತ್ತ ಒಂದು ಮಾತನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಚಿತ್ರಕ್ಕೆ ಸಿಗುವುದು ಒಂದೇ ಕ್ಷಣ. ಆ ಕ್ಷಣ ಘಟನೆಯ ಶಿಖರವಾಗಿದ್ದರೆ ನೋಡುವವರ ಕಲ್ಪನೆಗೆ ಮುಂದೆ ಹೋಗಲು ದಾರಿಯೇ ಉಳಿಯುವುದಿಲ್ಲ, ಆದ್ದರಿಂದ ಹಿಂದಿನದನ್ನೂ ಮುಂದಿನದನ್ನೂ ಊಹಿಸಲು ಬಿಡುವಂಥ ಕ್ಷಣವನ್ನು ಕಲಾವಿದರು ಹಿಡಿಯಬೇಕು ಎಂಬುದು ಅದರ ತಿರುಳು. ಮರಿ ಕೈಗೆ ಬಂದ ಗಳಿಗೆಯಲ್ಲಿ ಆತಂಕ ಮುಗಿದುಹೋಗಿರುತ್ತದೆ. ಅದಕ್ಕೂ ಮುಂಚಿನ ಯಾವುದೋ ಗಳಿಗೆಯಲ್ಲಿ ಇಡೀ ಕತೆ ಇನ್ನೂ ಬಿಗಿಯಾಗಿ ನಿಂತಿರುತ್ತದೆ. ಅದು ಯಾವುದೆಂದು ನಾನು ಹೇಳುವುದು ಸರಿಯಲ್ಲ, ಏಕೆಂದರೆ ಚಿತ್ರ ನಿಮ್ಮ ಸ್ವಂತದ್ದಾಗುವುದು ಆ ಆಯ್ಕೆಯಿಂದಲೇ.

ಸದ್ಯಕ್ಕೆ ಹೀಗೆ ಮಾಡಿ. ಕತೆಯನ್ನು ಪೆನ್ಸಿಲ್ ಹಿಡಿದು ಓದಿ. ಬರಹ ಸ್ಪಷ್ಟವಾಗಿ ಹೇಳಿದ್ದರ ಕೆಳಗೆ ಗೆರೆ ಹಾಕಿ. ಹೇಳದೆ ಬಿಟ್ಟದ್ದನ್ನು ಅಂಚಿನಲ್ಲಿ ಪ್ರಶ್ನೆಯಾಗಿ ಬರೆದುಕೊಳ್ಳಿ. ಹುಡುಗಿಗೆ ಎಷ್ಟು ವಯಸ್ಸು? ಅವಳ ಕೈಯಲ್ಲಿ ಕೋಲಿದೆಯೇ? ಬೆಳಕು ಯಾವ ಕಡೆಯಿಂದ ಬೀಳುತ್ತಿದೆ? ಬಾವಿಗೆ ಕಟ್ಟೆಯಿದೆಯೇ, ಇಲ್ಲವೇ? ಮಂದೆಯಲ್ಲಿ ಉಳಿದ ಮೇಕೆಗಳು ಆ ಹೊತ್ತಿನಲ್ಲಿ ಏನು ಮಾಡುತ್ತಿವೆ? ಉತ್ತರಗಳು ದೊರೆತ ಮೇಲೆ ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕಟ್ಟುಗಳಲ್ಲಿ ಒಂದರ ಪಕ್ಕ ಒಂದರಂತೆ ಕಚ್ಚಾ ಚಿತ್ರಗಳನ್ನು ಹಾಕುತ್ತ ಹೋಗಿ. ಅಷ್ಟು ಚಿಕ್ಕ ಜಾಗದಲ್ಲಿ ಕಣ್ಣು, ಮೂಗು, ಬಟ್ಟೆಯ ಮಡಿಕೆ ಯಾವುದೂ ಹಿಡಿಸುವುದಿಲ್ಲವಾದ್ದರಿಂದ ಆಕಾರಗಳು ಎಲ್ಲಿ ಕೂರುತ್ತವೆ, ಕಪ್ಪು ಎಲ್ಲಿ, ಬಿಳುಪು ಎಲ್ಲಿ ಎಂಬುದನ್ನಷ್ಟೇ ಯೋಚಿಸಬೇಕಾಗುತ್ತದೆ. ಮೊದಲು ಹೊಳೆದ ಒಂದೆರಡು ಚೌಕಟ್ಟುಗಳು ಸಾಮಾನ್ಯವಾಗಿ ಎಲ್ಲರಿಗೂ ಹೊಳೆಯುವಂಥವು. ಅವು ಮುಗಿದ ಮೇಲೂ ಕೈ ನಿಲ್ಲಿಸಬೇಡಿ.

ಸೂಕ್ಷ್ಮದರ್ಶಿ:
ಮಸಿಗೆರೆ ಅವರ ಮಾತಿಗೆ ನನ್ನ ಕ್ಷೇತ್ರದಿಂದ ಒಂದಿಷ್ಟು ಸೇರಿಸುತ್ತೇನೆ. ನಾನು ಸಸ್ಯಶಾಸ್ತ್ರ ಮತ್ತು ಅಂಗರಚನಾಶಾಸ್ತ್ರದ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಕ್ಯಾಮೆರಾ ಇರುವಾಗ ಇನ್ನೂ ಕೈಯಿಂದ ಏಕೆ ಬರೆಯುತ್ತೀರಿ ಎಂದು ಕೇಳುವವರು ಬಹಳ. ಫೋಟೊ ಒಂದು ನಿರ್ದಿಷ್ಟ ಗಿಡದ ಒಂದು ನಿರ್ದಿಷ್ಟ ದಿನದ ಸ್ಥಿತಿಯನ್ನು ತೋರಿಸುತ್ತದೆ. ಹುಳು ತಿಂದ ಎಲೆ, ಅಡ್ಡ ಬಂದ ನೆರಳು, ಅರ್ಧ ಬಾಡಿದ ದಳ ಎಲ್ಲವೂ ಅದರಲ್ಲಿರುತ್ತವೆ. ಆ ಜಾತಿಯ ಗಿಡವನ್ನು ಗುರುತಿಸಲು ಬೇಕಾದ ಲಕ್ಷಣಗಳನ್ನು ಹಲವು ಮಾದರಿಗಳಿಂದ ಆಯ್ದು, ಅನೇಕ ಗಿಡಗಳಲ್ಲಿ ಒಂದೇ ಹೊತ್ತಿನಲ್ಲಿ ಒಟ್ಟಿಗೆ ಕಾಣದ ಮೊಗ್ಗು, ಹೂವು, ಕಾಯಿ ಮತ್ತು ಬೀಜವನ್ನು ಒಂದೇ ಹಾಳೆಯಲ್ಲಿ ಅಳತೆಗೆ ಸರಿಯಾಗಿ ಜೋಡಿಸುವುದು ಚಿತ್ರಕ್ಕೆ ಮಾತ್ರ ಸಾಧ್ಯ.

ಜರ್ಮನಿಯಲ್ಲಿ ಹುಟ್ಟಿದ ಚಿತ್ರಕಲಾವಿದೆ ಮಾರಿಯಾ ಸಿಬಿಲ್ಲಾ ಮೆರಿಯನ್ 1699ರಲ್ಲಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗಿನಲ್ಲಿ ಹೋಗಿ, ಅಲ್ಲಿನ ಕೀಟಗಳನ್ನು ಅಭ್ಯಾಸ ಮಾಡಿ, 1705ರಲ್ಲಿ ಪುಸ್ತಕ ಹೊರತಂದರು. ಅವರ ಚಿತ್ರಗಳಲ್ಲಿ ಕಂಬಳಿಹುಳು, ಅದರ ಕೋಶ, ಹೊರಬಂದ ಚಿಟ್ಟೆ ಇವೆಲ್ಲವೂ ಆ ಹುಳು ಮೇಯುವ ಗಿಡದ ಮೇಲೆಯೇ ಒಟ್ಟಿಗೆ ಇರುತ್ತವೆ. ಹುಳುವಿಗೂ ಗಿಡಕ್ಕೂ ಇರುವ ಸಂಬಂಧ ಒಂದೇ ನೋಟಕ್ಕೆ ತಿಳಿಯುತ್ತದೆ. ಹಾಗೆ ಜೋಡಿಸಬೇಕೆಂಬ ತೀರ್ಮಾನವೇ ಆ ಚಿತ್ರಗಳ ಜೀವಾಳ ಎಂದು ನಾನು ತಿಳಿದಿದ್ದೇನೆ. ನೀವು ಬರೆಯಹೊರಟಿರುವುದು ಕತೆಯ ಚಿತ್ರವೇ ಆದರೂ, ಯಾವುದನ್ನು ಯಾವುದರ ಪಕ್ಕದಲ್ಲಿ ಇಟ್ಟರೆ ಸಂಬಂಧ ಕಾಣುತ್ತದೆ ಎಂಬ ಪ್ರಶ್ನೆ ನಿಮ್ಮದೂ ಹೌದು.

ಬಳಪ:
ಇಬ್ಬರಿಗೂ ಧನ್ಯವಾದಗಳು. ಹೇಳಿದಂತೆ ಮಾಡಿದೆ. ಚಿಕ್ಕ ಚೌಕಟ್ಟುಗಳಲ್ಲಿ ಮೊದಲು ಬಂದವೆಲ್ಲ ಬಾವಿಯ ಸುತ್ತವೇ ಸುಳಿದವು. ಆಮೇಲೆ, ಮೇಕೆಗಳು ಏನು ಮಾಡುತ್ತಿವೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಬೇರೊಂದು ದಾರಿ ಕಂಡಿತು. ಹುಡುಗಿ ಎಡಗಡೆಯ ಪೊದೆಯನ್ನು ಬಗ್ಗಿ ನೋಡುತ್ತಿದ್ದಾಳೆ. ಮಂದೆಯೆಲ್ಲ ಮನೆಯ ದಾರಿಗೆ ಮುಖ ಮಾಡಿ ನಿಂತಿದೆ. ತಾಯಿಮೇಕೆ ಒಂದು ಮಾತ್ರ ಕತ್ತು ಹೊರಳಿಸಿ ಬಲಗಡೆಗೆ ನೋಡುತ್ತಿದೆ, ಬಲತುದಿಯಲ್ಲಿ ಹಾಳುಬಾವಿಯ ಕಲ್ಲುಗಳು ಸ್ವಲ್ಪವೇ ಕಾಣುತ್ತವೆ. ಕತೆಯಲ್ಲಿ ತಾಯಿಮೇಕೆಯ ಪ್ರಸ್ತಾಪವೇ ಇಲ್ಲ. ಹೀಗೆ ಸೇರಿಸುವ ಹಕ್ಕು ಚಿತ್ರ ಬರೆಯುವವರಿಗೆ ಇದೆಯೇ?

ಇನ್ನೊಂದು ಸಂದೇಹ. ಮೇಕೆ ಹೊರಳಿ ನೋಡುವ ಭಂಗಿ ನೆನಪಿನಿಂದ ಸರಿಯಾಗಿ ಬರುತ್ತಿಲ್ಲ. ಫೋಟೊ ನೋಡಿ ಬರೆದರೆ ಮತ್ತೆ ನಕಲು ಮಾಡಿದಂತಾಗುವುದಿಲ್ಲವೇ?

ಹಸ್ತಪ್ರತಿ:
ನಾನು ಮಕ್ಕಳ ಪುಸ್ತಕಗಳ ಸಂಪಾದನೆ ಮಾಡುವವಳು. ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಹಕ್ಕು ಇದೆ, ಅಷ್ಟೇ ಅಲ್ಲ, ಅದನ್ನು ನಿರೀಕ್ಷಿಸಿಯೇ ನಾವು ಚಿತ್ರ ಬರೆಯುವವರಿಗೆ ಕತೆ ಕಳುಹಿಸುತ್ತೇವೆ. ಹುಡುಗಿಗೆ ತಿಳಿಯದ ಸಂಗತಿ ನೋಡುವ ಮಗುವಿಗೆ ತಿಳಿಯುತ್ತದೆ ಎಂದಾದರೆ ಆ ಮಗು ಪುಟದ ಮೇಲೆ ಬೆರಳಿಟ್ಟು ಅವಳನ್ನು ಕೂಗಿ ಕರೆಯುತ್ತದೆ. ಬರಹ ಹೇಳಿದ್ದನ್ನೇ ಮತ್ತೊಮ್ಮೆ ಹೇಳುವ ಚಿತ್ರದಿಂದ ಈ ಕೆಲಸ ಆಗುವುದಿಲ್ಲ. ಬರಹವನ್ನು ಸುಳ್ಳಾಗಿಸುವ ಚಿತ್ರವನ್ನು ಮಾತ್ರ ನಾವು ಒಪ್ಪುವುದಿಲ್ಲ: ಸಂಜೆ ಎಂದು ಬರೆದಿದ್ದರೆ ನೆರಳುಗಳು ನಡುಹಗಲಿನ ನೆರಳುಗಳಾಗಿರಬಾರದು, ಏಳು ಮೇಕೆ ಎಂದಿದ್ದರೆ ಮಕ್ಕಳು ಎಣಿಸಿಯೇ ನೋಡುತ್ತಾರೆ. ನಿಮ್ಮ ಸ್ನೇಹಿತೆಗೆ ಕಚ್ಚಾ ಚಿತ್ರದ ಹಂತದಲ್ಲಿಯೇ ತಾಯಿಮೇಕೆಯ ಯೋಚನೆಯನ್ನು ತೋರಿಸಿ ಒಪ್ಪಿಗೆ ಪಡೆಯಿರಿ. ಬಣ್ಣ ಹಾಕಿದ ಮೇಲೆ ಬದಲಾವಣೆ ಕೇಳಿದರೆ ಇಬ್ಬರಿಗೂ ಕಷ್ಟ.

ಬಾವಿಯನ್ನು ಬಲತುದಿಗೆ ಇಟ್ಟದ್ದು ನನಗೆ ಹಿಡಿಸಿತು. ಕನ್ನಡದಲ್ಲಿ ಎಡದಿಂದ ಬಲಕ್ಕೆ ಓದುತ್ತೇವಾದ್ದರಿಂದ ಬಲ ಅಂಚು ಪುಟ ತಿರುಗಿಸುವ ಕಡೆ. ಮುಂದೆ ಆಗಬೇಕಾದದ್ದು ಅಲ್ಲಿರುವುದು ಸಹಜವಾಗಿ ಕಾಣುತ್ತದೆ. ಈ ಚಿತ್ರ ಅಕ್ಕಪಕ್ಕದ ಎರಡು ಪುಟಗಳನ್ನು ಆವರಿಸುವುದಾದರೆ ನಡುವಿನ ಮಡಿಕೆಯಲ್ಲಿ ಹುಡುಗಿಯ ಮುಖವಾಗಲಿ ತಾಯಿಮೇಕೆಯ ತಲೆಯಾಗಲಿ ಬರದಂತೆ ಎಚ್ಚರ ವಹಿಸಿ, ಹೊಲಿಗೆಯ ಒಳಗೆ ಅದು ನುಂಗಿಹೋಗುತ್ತದೆ. ಬರಹಕ್ಕೆ ಎಷ್ಟು ಜಾಗ ಬೇಕೆಂದು ಈಗಲೇ ಕೇಳಿ ತಿಳಿದುಕೊಂಡು ಅಲ್ಲಿ ಆಕಾಶವನ್ನೋ ಬಯಲನ್ನೋ ಸರಳವಾಗಿ ಬಿಡಿ.

ಮಸಿಗೆರೆ:
ಎರಡನೆಯ ಸಂದೇಹಕ್ಕೆ ಸ್ವಲ್ಪ ದೀರ್ಘವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ನೋಡಿ ಬರೆಯುವುದೇ ತಪ್ಪೆಂಬ ಭಾವನೆ ಹೊಸಬರನ್ನು ಬಹಳ ಕಾಡುತ್ತದೆ. ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1515ರಲ್ಲಿ ಖಡ್ಗಮೃಗದ ಮರದಚ್ಚಿನ ಚಿತ್ರ ಮಾಡಿದಾಗ ಆ ಪ್ರಾಣಿಯನ್ನು ಕಣ್ಣಾರೆ ಕಂಡಿರಲಿಲ್ಲ. ಭಾರತದಿಂದ ಲಿಸ್ಬನ್ನಿಗೆ ಸಾಗಿಸಲಾಗಿದ್ದ ಖಡ್ಗಮೃಗವನ್ನು ನೋಡಿದ ಯಾರೋ ಕಳುಹಿಸಿದ ವಿವರಣೆ ಮತ್ತು ಒಂದು ಕಚ್ಚಾ ಚಿತ್ರ ಅವರಿಗೆ ಆಧಾರವಾಗಿದ್ದವು. ಅವರ ಗೆರೆಯ ಬಲ ಎಷ್ಟಿತ್ತೆಂದರೆ, ಚರ್ಮದ ಮಡಿಕೆಗಳು ಯೋಧನ ಲೋಹಕವಚದ ತಗಡುಗಳಾಗಿ, ಕಾಲಿನ ಮೇಲೆ ಹುರುಪೆಗಳು ಮೂಡಿ, ಕತ್ತಿನ ಹಿಂದೆ ಇಲ್ಲದ ಪುಟ್ಟ ಕೊಂಬೊಂದು ಹುಟ್ಟಿಕೊಂಡರೂ ಯುರೋಪಿನ ಜನ ಶತಮಾನಗಳ ಕಾಲ ಖಡ್ಗಮೃಗ ಹಾಗೆಯೇ ಇರುತ್ತದೆಂದು ನಂಬಿದರು. ಅದ್ಭುತವಾದ ಚಿತ್ರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಂಥ ಕೈಗೂ ನೋಡದಿರುವುದರ ಕೊರತೆಯನ್ನು ತುಂಬಲಾಗಲಿಲ್ಲ.

ಆದ್ದರಿಂದ ನೋಡಿ, ಧಾರಾಳವಾಗಿ ನೋಡಿ. ಒಂದೇ ಫೋಟೊದ ಮುಂದೆ ಮಾತ್ರ ಕೂರಬೇಡಿ. ಒಂದೇ ಫೋಟೊವನ್ನು ಹಿಡಿದು ಅದರ ಕೋನ, ಬೆಳಕು, ಚೌಕಟ್ಟು ಎಲ್ಲವನ್ನೂ ಹಾಗೆಯೇ ಎತ್ತಿಕೊಂಡರೆ ಆಯ್ಕೆಗಳು ಛಾಯಾಗ್ರಾಹಕರವು, ಕೃತಿಸ್ವಾಮ್ಯವೂ ಅವರದು. ಹಲವು ಫೋಟೊ, ಸಾಧ್ಯವಾದರೆ ಜೀವಂತ ಮೇಕೆ, ಇವುಗಳಿಂದ ಪ್ರಾಣಿಯ ರಚನೆಯನ್ನು ಕಲಿತು, ಕಲಿತದ್ದನ್ನು ನಿಮ್ಮ ಭಂಗಿಗೆ ಅಳವಡಿಸಿದರೆ ಅದು ಅಭ್ಯಾಸ. ಮೇಕೆಯ ಕಣ್ಣಿನ ಪಾಪೆ ಅಡ್ಡಲಾಗಿ ಮಲಗಿದ ಆಯತದಂತಿರುತ್ತದೆ. ದುಂಡಗಿನ ಚುಕ್ಕೆಯಿಟ್ಟರೆ ನಾಯಿಯ ಕಣ್ಣಾಗುತ್ತದೆ. ಹಿಂಗಾಲಿನಲ್ಲಿ ಹಿಂದಕ್ಕೆ ಮಡಿಚಿದಂತೆ ಕಾಣುವ ಕೀಲು ಮೊಣಕಾಲಲ್ಲ, ನಮ್ಮ ಹಿಮ್ಮಡಿಯ ಜಾಗದ ಕೀಲು. ನಿಜವಾದ ಮೊಣಕಾಲು ಅದಕ್ಕಿಂತ ಮೇಲೆ, ಹೊಟ್ಟೆಗೆ ಹತ್ತಿರವಾಗಿರುತ್ತದೆ. ಬಾಲ ಸಾಮಾನ್ಯವಾಗಿ ಮೇಲಕ್ಕೆ ನಿಮಿರಿರುತ್ತದೆ, ಕುರಿಯದು ಇಳಿಬಿದ್ದಿರುತ್ತದೆ. ಕತ್ತು ಹೊರಳಿಸಿದಾಗ ಹೊರಳಿದ ಬದಿಯ ಚರ್ಮ ಮಡಿಕೆಗಟ್ಟುತ್ತದೆ, ಇನ್ನೊಂದು ಬದಿ ಬಿಗಿಯುತ್ತದೆ. ಇಷ್ಟು ತಿಳಿದರೆ ಯಾವ ಫೋಟೊದಲ್ಲೂ ಇಲ್ಲದ ಭಂಗಿಯನ್ನೂ ನೀವು ಕಟ್ಟಬಲ್ಲಿರಿ.

ಶೈಲಿಯ ಬಗ್ಗೆ ಯೋಚಿಸಿ ತಲೆ ಕೆಡಿಸಿಕೊಳ್ಳಬೇಡಿ. ಇಷ್ಟು ವರ್ಷ ಹಲವರನ್ನು ನೋಡಿ ಬರೆದ ನಿಮ್ಮ ಕೈಯಲ್ಲಿ ಅವರೆಲ್ಲರ ಗೆರೆ ಸ್ವಲ್ಪ ಸ್ವಲ್ಪ ಇದ್ದೇ ಇರುತ್ತದೆ, ಇರಲಿ. ಯಾವ ಗಳಿಗೆ, ಯಾವ ಕಡೆಯಿಂದ, ಏನು ಬೇಡ ಎಂಬ ತೀರ್ಮಾನಗಳು ನಿಮ್ಮವಾಗಿರಲಿ.

ದಿನಕ್ಕೊಂದುಗೆರೆ:
ಎಲ್ಲರ ಅನುಭವಕ್ಕೂ ಗೌರವ ಕೊಟ್ಟೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ಕಲಿಯುವವರಿಗೆ ಇಷ್ಟೊಂದು ಯೋಜನೆ ಭಾರವಾಗುವುದಿಲ್ಲವೇ? ಓದು, ಪ್ರಶ್ನೆ, ಚೌಕಟ್ಟು, ಒಪ್ಪಿಗೆ, ಅಂಗರಚನೆ ಎನ್ನುವಷ್ಟರಲ್ಲಿ ಚಿತ್ರ ಬರೆಯಬೇಕೆಂಬ ಹುಮ್ಮಸ್ಸೇ ಆರಿಹೋಗಬಹುದು. ನನ್ನ ಅನುಭವದಲ್ಲಿ ದಿನವೂ ಕಣ್ಣೆದುರಿನ ಜನ, ಪ್ರಾಣಿ, ಮರಗಳನ್ನು ಅಳಿಸದೆ ವೇಗವಾಗಿ ಬರೆಯುವ ಅಭ್ಯಾಸವೇ ಸ್ವಂತಿಕೆಯನ್ನು ತಾನಾಗಿ ತರುತ್ತದೆ. ಮೇಕೆ ಅರ್ಧ ನಿಮಿಷ ನಿಂತರೆ ಅರ್ಧ ನಿಮಿಷದ ಚಿತ್ರ, ಅದು ನಡೆದುಹೋದರೆ ಚಿತ್ರ ಅಲ್ಲಿಗೇ ನಿಲ್ಲಲಿ. ಹಾಗೆ ತುಂಬಿದ ಸ್ಕೆಚ್ ಪುಸ್ತಕಗಳಿದ್ದರೆ ಕತೆ ಬಂದಾಗ ಕೈ ತಾನೇ ದಾರಿ ಹುಡುಕುತ್ತದೆ. ಹಾಗೆಯೇ, ಕಾಗದದಲ್ಲೇ ಆರಂಭಿಸಲಿ ಎಂಬುದು ನನ್ನ ಬಲವಾದ ಅಭಿಪ್ರಾಯ. ಟ್ಯಾಬ್ಲೆಟ್ಟಿನಲ್ಲಿ ಎಳೆದ ಗೆರೆಯನ್ನು ಅಳಿಸಿ ಹಿಂದಕ್ಕೆ ಹೋಗುವ ಸೌಲಭ್ಯವಿರುವುದರಿಂದ ಗೆರೆಯನ್ನು ನಿರ್ಧರಿಸಿ ಎಳೆಯುವ ಧೈರ್ಯ ಬೆಳೆಯುವುದಿಲ್ಲ.

ಮಸಿಗೆರೆ:
ದಿನದ ಅಭ್ಯಾಸದ ವಿಚಾರದಲ್ಲಿ ನಿಮ್ಮ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಅದಿಲ್ಲದಿದ್ದರೆ ಚೌಕಟ್ಟಿನಲ್ಲಿ ಹಾಕಲು ಏನೂ ಇರುವುದಿಲ್ಲ. ಆದರೆ ಅಭ್ಯಾಸ ಮಾಡಿದ ಕೈ ತಾನಾಗಿ ಹುಡುಕುವ ದಾರಿ ಬಹುಮಟ್ಟಿಗೆ ಅದಕ್ಕೆ ಅಭ್ಯಾಸವಾದ ದಾರಿಯೇ ಆಗಿರುತ್ತದೆ ಎಂಬುದನ್ನೂ ನೋಡಬೇಕು. ಬಳಪ ಅವರು ಕೈಯನ್ನು ಅದರ ಪಾಡಿಗೆ ಬಿಟ್ಟಾಗ ಸಿಕ್ಕಿದ್ದು ಬಾವಿ. ಮಂದೆಯ ಬಗ್ಗೆ ಪ್ರಶ್ನೆ ಕೇಳಿಕೊಂಡಾಗ ಸಿಕ್ಕಿದ್ದು ತಾಯಿಮೇಕೆ. ಅದೂ ಅಲ್ಲದೆ ಇಷ್ಟು ಚಿಕ್ಕ ಚೌಕಟ್ಟುಗಳಿಗೆ ಒಂದು ಸಂಜೆ ಸಾಕು, ಹುಮ್ಮಸ್ಸು ಆರುವಷ್ಟು ದೀರ್ಘ ಕೆಲಸ ಅದಲ್ಲ.

ಸಾಧನದ ಬಗ್ಗೆ ನನಗೆ ಅಂಥ ಹಟವಿಲ್ಲ. ಕ್ರಿಟಾ, ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶಗಳು ಎರಡೂ ಉಚಿತವಾಗಿ ಸಿಗುತ್ತವೆ. ಮೊದಲನೆಯದು ಕುಂಚದಿಂದ ಬರೆದಂಥ ಕೆಲಸಕ್ಕೆ, ಎರಡನೆಯದು ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ವೆಕ್ಟರ್ ಚಿತ್ರಗಳಿಗೆ ಸೂಕ್ತ. ಕೈಗೆ ಯಾವುದು ಹತ್ತಿರವೋ ಅದರಿಂದ ಆರಂಭಿಸಬಹುದು.

ಹಸ್ತಪ್ರತಿ:
ಸ್ವಂತಿಕೆಯ ಮಾತು ಬಂದದ್ದರಿಂದ ಸಂಪಾದಕಿಯಾಗಿ ಒಂದನ್ನು ಹೇಳಲೇಬೇಕು. ಎಐ ಸಾಧನದಿಂದ ತೆಗೆಸಿದ ಚಿತ್ರವನ್ನಾಗಲಿ, ಅದರ ಭಾಗವನ್ನಾಗಲಿ ಬಳಸುವವರು ಅದನ್ನು ಮೊದಲೇ ತಿಳಿಸಬೇಕೆಂದು ನಾವು ಕೇಳುತ್ತೇವೆ. ಚಿತ್ರ ಯಾರ ಹೆಸರಿನಲ್ಲಿ ಅಚ್ಚಾಗುತ್ತದೆ, ಹಕ್ಕು ಯಾರದು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವು. ಬರೆದ ಕ್ಷಣದಿಂದಲೇ ಚಿತ್ರದ ಕೃತಿಸ್ವಾಮ್ಯ ಬರೆದವರಿಗೆ ಸಲ್ಲುತ್ತದೆ. ನೋಂದಣಿ ಮಾಡಿಸದಿದ್ದರೂ ಸಲ್ಲುತ್ತದೆ ಎಂಬ ತತ್ವವನ್ನು 1886ರಲ್ಲಿ ಆರಂಭವಾದ, ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಡಂಬಡಿಕೆಗೆ ಸೇರಿದ ದೇಶಗಳು ಒಪ್ಪಿಕೊಂಡಿವೆ. ಸ್ನೇಹಿತೆಗೆ ಬರೆದುಕೊಡುವಾಗಲೂ ಚಿತ್ರ ಎಲ್ಲೆಲ್ಲಿ ಬಳಕೆಯಾಗುತ್ತದೆ, ಪುಸ್ತಕದಲ್ಲಿ ಮಾತ್ರವೇ ಅಥವಾ ಮುಖಪುಟ, ಜಾಹೀರಾತುಗಳಲ್ಲಿಯೂ ಬರುತ್ತದೆಯೇ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಸ್ನೇಹ ಉಳಿಯುವುದಕ್ಕೂ ಅದು ಒಳ್ಳೆಯದು.

ಬಳಪ:
ಎಲ್ಲರ ಮಾತುಗಳನ್ನೂ ಮತ್ತೆ ಮತ್ತೆ ಓದಿದೆ. ದಿನಕ್ಕೊಂದುಗೆರೆ ಅವರೇ, ನಿಮ್ಮ ಮಾತಿನಂತೆ ಮೇಕೆಗಳ ಬಳಿ ಹೋಗಿ ಕುಳಿತು ಬರೆದೆ. ಕಿವಿಗಳು ಒಂದೊಂದೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ ಎಂಬುದು ಆಗ ಕಣ್ಣಿಗೆ ಬಿತ್ತು. ಅದನ್ನು ಚಿತ್ರದಲ್ಲಿ ತಂದಿದ್ದೇನೆ: ತಾಯಿಮೇಕೆಯ ಎರಡೂ ಕಿವಿಗಳು ಬಾವಿಯ ಕಡೆಗೆ ತಿರುಗಿವೆ. ಸ್ನೇಹಿತೆ ಈ ಯೋಚನೆಯನ್ನು ಸಂತೋಷದಿಂದ ಒಪ್ಪಿದ್ದಾಳೆ.

ಪೆನ್ಸಿಲಿನ ಪೂರ್ಣ ಚಿತ್ರ ಮುಗಿದಿದೆ. ಅದರ ಒಂದು ಪ್ರತಿಯ ಮೇಲೆ ಬಣ್ಣದ ಪ್ರಯೋಗ ಮಾಡಿದ್ದೇನೆ. ಸೂರ್ಯ ಮುಳುಗಿದ ಮೇಲಿನ ಹೊತ್ತು. ಆಕಾಶ ತಿಳಿ ಕಿತ್ತಳೆ, ಮೇಲಕ್ಕೆ ಹೋದಂತೆ ನೀಲಿ. ಹುಡುಗಿ ಎದ್ದು ಕಾಣಲೆಂದು ಅವಳಿಗೆ ಅಚ್ಚಕೆಂಪು ಲಂಗ ಕೊಟ್ಟೆ. ಪೊದೆ ಕಡುಹಸಿರು, ತಾಯಿಮೇಕೆ ಕಂದು. ಆದರೆ ಯಾರಿಗೆ ತೋರಿಸಿದರೂ ಮೊದಲು ಕೆಂಪು ಲಂಗವನ್ನೇ ನೋಡಿ ಅಲ್ಲಿಗೇ ನಿಲ್ಲುತ್ತಾರೆ, ತಾಯಿಮೇಕೆಯನ್ನು ಬೆರಳಿಟ್ಟು ತೋರಿಸಬೇಕಾಗುತ್ತದೆ. ಚಿತ್ರವನ್ನು ಲಗತ್ತಿಸಿದ್ದೇನೆ, ದಯವಿಟ್ಟು ನೋಡಿ ಹೇಳಿ.

ಮಸಿಗೆರೆ:
ಭಂಗಿ ಚೆನ್ನಾಗಿ ಬಂದಿದೆ. ಆ ಕಿವಿಗಳು ಬಹಳ ಹೇಳುತ್ತವೆ. ತೊಂದರೆ ಇರುವುದು ಬಣ್ಣಕ್ಕಿಂತ ಮೊದಲು ಕಪ್ಪುಬಿಳುಪಿನ ಹಂಚಿಕೆಯಲ್ಲಿ. ಚಿತ್ರವನ್ನು ಎದುರಿಗಿಟ್ಟು ಕಣ್ಣನ್ನು ಅರ್ಧ ಮುಚ್ಚಿ ನೋಡಿ, ಇಲ್ಲವೇ ಫೋನಿನಲ್ಲಿ ಫೋಟೊ ತೆಗೆದು ಬಣ್ಣ ತೆಗೆದುಹಾಕಿ ನೋಡಿ. ಕಂದು ಮೇಕೆ, ಅದರ ಹಿಂದಿನ ಕಂದು ಗುಡ್ಡ ಎರಡೂ ಒಂದೇ ಬೂದುಬಣ್ಣವಾಗಿ ಬೆರೆತುಹೋಗುತ್ತವೆ. ನೋಡುವವರ ಕಣ್ಣು ಹೋಗುವುದು ಅತಿ ಕಪ್ಪು ಮತ್ತು ಅತಿ ಬಿಳುಪು ಪಕ್ಕಪಕ್ಕದಲ್ಲಿ ಇರುವ ಕಡೆಗೆ. ನಿಮ್ಮ ಚಿತ್ರದಲ್ಲಿ ಆ ಜಾಗ ತಾಯಿಮೇಕೆಯ ತಲೆಯಾಗಬೇಕು. ಗುಡ್ಡದ ಗೆರೆಯನ್ನು ಸ್ವಲ್ಪ ಕೆಳಗಿಳಿಸಿ, ಮೇಕೆಯ ತಲೆ, ಕೊಂಬು, ಕಿವಿಗಳು ಆಕಾಶದ ಅತ್ಯಂತ ತಿಳಿಯಾದ ಭಾಗದ ಮೇಲೆ ಕಪ್ಪಾಗಿ ಮೂಡುವಂತೆ ಮಾಡಿ. ಮುಸ್ಸಂಜೆಯಲ್ಲಿ ನೆಲದ ಮೇಲಿನ ಎಲ್ಲಕ್ಕಿಂತ ಆಕಾಶವೇ ಬೆಳಕಾಗಿರುವುದರಿಂದ ಇದು ನಿಜಕ್ಕೂ ಹೊಂದುತ್ತದೆ.

ಕೆಂಪು ಲಂಗದ ವಿಚಾರದಲ್ಲಿ ನಿಸರ್ಗವೇ ನಿಮ್ಮ ನೆರವಿಗಿದೆ. ಬೆಳಕು ಕಡಿಮೆಯಾಗುತ್ತ ಹೋದಂತೆ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಹಸಿರುಗಳು ಅದಕ್ಕೆ ಹೋಲಿಸಿದರೆ ಹೆಚ್ಚು ಹೊತ್ತು ತಿಳಿಯಾಗಿ ಉಳಿಯುತ್ತವೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇದನ್ನು ಗುರುತಿಸಿದ ಜೆಕ್ ವಿಜ್ಞಾನಿ ಪುರ್ಕಿನ್ಯೆ ಅವರ ಹೆಸರಿನಿಂದಲೇ ಈ ಪರಿಣಾಮವನ್ನು ಕರೆಯುತ್ತಾರೆ. ಆದ್ದರಿಂದ ಲಂಗ ಕೆಂಪಾಗಿಯೇ ಇರಲಿ, ಆದರೆ ಒಣಗಿದ ದಾಳಿಂಬೆಯ ಸಿಪ್ಪೆಯ ಕಡೆಗೆ ವಾಲುವಷ್ಟು ಮಬ್ಬಾಗಲಿ. ಅದರ ಹಿಂದಿನ ಪೊದೆ ಈಗಿರುವುದಕ್ಕಿಂತ ತಿಳಿಯಾಗಲಿ. ಆಗ ಸಂಜೆಯೂ ನಂಬುವಂತಾಗುತ್ತದೆ, ಹುಡುಗಿ ಎರಡನೆಯ ಸ್ಥಾನಕ್ಕೆ ಸರಿಯುತ್ತಾಳೆ. ಕೊನೆಯದಾಗಿ, ಚಿತ್ರವನ್ನು ಕನ್ನಡಿಯಲ್ಲಿ ನೋಡಿ. ಬಲಗಡೆಯ ಮೂರು ಮೇಕೆಗಳು ಒಂದೇ ಅಂತರದಲ್ಲಿ ಸಾಲುಗಟ್ಟಿರುವುದು ಅಲ್ಲಿ ನಿಮಗೇ ಕಾಣುತ್ತದೆ. ಎರಡನ್ನು ಒಂದರ ಮೇಲೊಂದು ಬರುವಂತೆ ಸೇರಿಸಿ, ಒಂದನ್ನು ದೂರವಿಡಿ.

ಸೂಕ್ಷ್ಮದರ್ಶಿ:
ಒಂದು ಚಿಕ್ಕ ತಿದ್ದುಪಡಿ. ಮಂದೆಯಲ್ಲಿ ಎಡತುದಿಯ ಮೇಕೆಯ ಮುಂಗಾಲಿನ ಗೊರಸು ಒಂದೇ ತುಂಡಾಗಿ, ಕುದುರೆಯದಂತೆ ಕಾಣುತ್ತಿದೆ. ಮೇಕೆಯ ಗೊರಸು ಸೀಳಿರುತ್ತದೆ. ಎರಡು ಬೆರಳುಗಳ ನಡುವೆ ಒಂದು ಸಣ್ಣ ಕಪ್ಪು ಗೆರೆ ಹಾಕಿದರೆ ಸಾಕು.

ಬಳಪ:
ಗುಡ್ಡವನ್ನು ಇಳಿಸಿ, ಲಂಗವನ್ನು ಮಬ್ಬುಗೊಳಿಸಿ, ಬಣ್ಣದ ಪ್ರಯೋಗವನ್ನು ಮತ್ತೆ ಮಾಡಿದೆ. ಈ ಸಲ ನೋಡಿದವರು ಮೊದಲು ತಾಯಿಮೇಕೆಯನ್ನು, ಆಮೇಲೆ ಅದು ನೋಡುತ್ತಿರುವ ದಿಕ್ಕನ್ನು, ಆಮೇಲೆ ಹುಡುಗಿಯನ್ನು ಕಂಡರು. ಬಾವಿಯನ್ನು ಎಲ್ಲರಿಗಿಂತ ಬೇಗ ಗುರುತಿಸಿದ್ದು ಒಬ್ಬ ಚಿಕ್ಕ ಹುಡುಗ. ಗೊರಸನ್ನೂ ಸರಿಪಡಿಸಿದ್ದೇನೆ. ಇನ್ನು ಅಂತಿಮ ಚಿತ್ರಕ್ಕೆ ಮಸಿ ಮತ್ತು ಜಲವರ್ಣ ಬಳಸುವ ಮನಸ್ಸಿದೆ. ಯಾವ ಕಾಗದ, ಯಾವ ಅಳತೆ, ಅಚ್ಚಿಗೆ ಕೊಡುವಾಗ ಏನು ಗಮನಿಸಬೇಕು? ಪುಸ್ತಕ ಎ4 ಅಳತೆಯದು, ನನ್ನ ಚಿತ್ರಕ್ಕೆ ಒಂದು ಪೂರ್ಣ ಪುಟ.

ಪುಟಕಟ್ಟು:
ಇಲ್ಲಿಯವರೆಗೆ ಓದುತ್ತಲೇ ಇದ್ದೆ, ಈ ಭಾಗ ನನ್ನ ಕೆಲಸಕ್ಕೆ ಸೇರಿದ್ದರಿಂದ ಬರೆಯುತ್ತಿದ್ದೇನೆ. ಎ4 ಎಂದರೆ 210 × 297 ಮಿಲಿಮೀಟರ್. ಚಿತ್ರ ಪುಟದ ಅಂಚಿನವರೆಗೂ ಹರಡಬೇಕಾದರೆ ನಾಲ್ಕೂ ಕಡೆ 3 ಮಿಲಿಮೀಟರ್ ಹೆಚ್ಚುವರಿಯಾಗಿ ಬರೆಯಿರಿ. ಕಾಗದ ಕತ್ತರಿಸುವಾಗ ಕೂದಲೆಳೆಯಷ್ಟು ಆಚೀಚೆಯಾದರೂ ಬಿಳಿ ಪಟ್ಟಿ ಕಾಣದಿರಲೆಂದು ಬಿಡುವ ಈ ಹೆಚ್ಚುವರಿ ಅಂಚನ್ನು ಬ್ಲೀಡ್ ಎನ್ನುತ್ತಾರೆ. ಅಂದರೆ ಒಟ್ಟು 216 × 303. ನಿಮ್ಮ ಬಾವಿಯ ಕಲ್ಲುಗಳು ಬಲತುದಿಯಲ್ಲಿ ಸ್ವಲ್ಪವೇ ಕಾಣುವಂತಿವೆ ಎಂದಿದ್ದೀರಿ. ಅವು ಕತ್ತರಿಗೆ ಸಿಕ್ಕಿಹೋಗದಂತೆ, ಕತೆಗೆ ಬೇಕಾದ ಕಲ್ಲುಗಳನ್ನು ಅಂಚಿನಿಂದ ಕನಿಷ್ಠ 10 ಮಿಲಿಮೀಟರ್ ಒಳಗೆ ತನ್ನಿ, ಉಳಿದವು ಹೊರಕ್ಕೆ ಹರಿದುಹೋಗಲಿ. ನಿಮ್ಮ ಚಿತ್ರದಲ್ಲಿ ಇದು ಎಲ್ಲಕ್ಕಿಂತ ಮುಖ್ಯ.

ಕಾಗದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಜಲವರ್ಣ ಕಾಗದವಾಗಿರಲಿ, ಅದಕ್ಕಿಂತ ತೆಳುವಾದದ್ದು ನೀರು ತಾಗಿದರೆ ಉಬ್ಬುತ್ತದೆ. ಮಸಿಯ ಗೆರೆ ಸಣ್ಣದಾಗಿದ್ದರೆ ನುಣುಪಾದ ಹಾಟ್ ಪ್ರೆಸ್, ಬಣ್ಣದ ತರಿ ಕಾಣಬೇಕೆಂದರೆ ತರಿತರಿಯಾದ ಕೋಲ್ಡ್ ಪ್ರೆಸ್. ಮಸಿ ಒಣಗಿದ ಮೇಲೆ ನೀರಿಗೆ ಕರಗದ ಪಿಗ್ಮೆಂಟ್ ಮಸಿಯೇ ಆಗಬೇಕು. ಅಂತಿಮ ಕಾಗದದ ಚೂರಿನ ಮೇಲೆ ಒಂದು ಗೆರೆ ಎಳೆದು, ಒಣಗಿಸಿ, ಒದ್ದೆ ಕುಂಚ ಆಡಿಸಿ ಮೊದಲೇ ಪರೀಕ್ಷಿಸಿ. ಜಲವರ್ಣದಲ್ಲಿ ಬೆಳಕು ಕಾಗದದ ಬಿಳುಪಿನಿಂದಲೇ ಬರಬೇಕಾದ್ದರಿಂದ ಆಕಾಶವನ್ನು ಮೊದಲು ತೆಳುವಾಗಿ ಹಾಕಿ, ಪೂರ್ತಿ ಒಣಗಿದ ಮೇಲೆ ಮೇಕೆಯ ತಲೆಯ ಕಪ್ಪನ್ನು ಹಾಕಿ.

ಸ್ಕ್ಯಾನ್ ಅದೇ ಅಳತೆಯಲ್ಲಿ 300 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕೆಗಳು) ಸಾಕು, ಬ್ಲೀಡ್ ಸೇರಿ ಸುಮಾರು 2551 × 3579 ಪಿಕ್ಸೆಲ್ ಆಗುತ್ತದೆ. ಮುಂದೆ ದೊಡ್ಡದಾಗಿ ಮುದ್ರಿಸುವ ಆಲೋಚನೆಯಿದ್ದರೆ 600ರಲ್ಲಿ ಮಾಡಿ, ಉಳಿಸುವಾಗ ವಿವರ ಕಳೆಯುವ ಜೆಪೆಗ್ ಬದಲು ಟಿಫ್ ಕಡತವಾಗಿ ಉಳಿಸಿ. ಪರದೆಯ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೆಳಕು ಬೆರೆತ) ಬಣ್ಣಗಳೆಲ್ಲವೂ ಅಚ್ಚಿನ ನಾಲ್ಕು ಮಸಿಗಳಲ್ಲಿ ಬರುವುದಿಲ್ಲ. ಹೊಳೆಯುವ ಕಿತ್ತಳೆ ಮತ್ತು ಗಾಢ ನೀಲಿ ಮಂಕಾಗುವುದು ಹೆಚ್ಚು, ನಿಮ್ಮ ಆಕಾಶದಲ್ಲಿ ಇರುವುದೂ ಅವೇ ಎರಡು. ಆದ್ದರಿಂದ ಮುದ್ರಕರಿಂದ ಬಣ್ಣದ ಪ್ರೂಫ್ (ಅಚ್ಚಿಗೆ ಮುಂಚಿನ ಪರೀಕ್ಷಾ ಪ್ರತಿ) ಕೇಳಿ ಪಡೆದು, ಮೂಲ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಹಗಲಿನ ಬೆಳಕಿನಲ್ಲಿ ಹೋಲಿಸಿ. ಆಕಾಶ ಸ್ವಲ್ಪ ಮಂಕಾದರೂ ಚಿಂತೆಯಿಲ್ಲ, ಮೇಕೆಯ ತಲೆಯ ಸುತ್ತ ಇರುವ ತಿಳಿ ಭಾಗ ಮಾತ್ರ ಬೂದಾಗಿದ್ದರೆ ಸರಿಪಡಿಸಿಕೊಡಲು ಹೇಳದೆ ಒಪ್ಪಿಗೆಯ ಸಹಿ ಹಾಕಬೇಡಿ.